ಕುಸಿದ ಚಪ್ಪಡಿ ಎತ್ತಿ ಕೂರಿಸಿದ ಕೆಲಸ: ತುಂಬಾ ಚೆನ್ನಾಗಿದೆ

ನಮ್ಮ ಮನೆ ತೀರ್ಥಹಳ್ಳಿ ಹತ್ತಿರ. ಗೇಟಿನಿಂದ ಜಗಲಿವರೆಗೆ ಕೈತೋಟದ ನಡುವೆ ಚಪ್ಪಡಿ ಹಾಸಿದ ದಾರಿ ಇದೆ. ಹೋದ ವರ್ಷದ ಮಳೆಗೆ 14 ಚಪ್ಪಡಿ ಕುಸಿದು, ನೀರು ನಿಂತು ಪಾಚಿ ಕಟ್ಟಿತ್ತು. ಅಮ್ಮ ಎರಡು ಸಲ ಜಾರಿದರು. ಮೊದಲು ಬಂದವರೊಬ್ಬರು ಸುಮ್ನೆ ಮೇಲೆ ಸಿಮೆಂಟ್ ಬಳಿದು ಹೋದರು. ಎರಡೇ ತಿಂಗಳಿಗೆ ಅದು ಕಿತ್ತು ಬಂತು.

ಈ ಬೇಸಿಗೆಯಲ್ಲಿ ನಮ್ಮೂರಿನ ಗಾರೆ ಮೇಸ್ತ್ರಿಯನ್ನೇ ಕರೆದೆವು. ಹಾರೆ ಹಾಕಿ ಮೊದಲ ಕಲ್ಲು ಎತ್ತಿದರೆ ಅಡಿಯಲ್ಲಿ ಕೈ ತೂರುವಷ್ಟು ಪೊಳ್ಳು! "ಹಂಚಿನ ನೀರು ಇಲ್ಲೇ ಬೀಳ್ತದೆ ಅಕ್ಕ, ಮಣ್ಣೆಲ್ಲ ತೊಳೆದು ಹೋಗಿದೆ. ಮೊದ್ಲು ನೀರಿಗೆ ದಾರಿ ಮಾಡ್ಬೇಕು" ಅಂದರು. ಕಲ್ಲಿಗಿಂತ ಮುಂಚೆ ನೀರಿನ ಕಡೆ ನೋಡಿದರಲ್ಲ, ಅಲ್ಲೇ ನನಗೆ ನಂಬಿಕೆ ಬಂತು. ಸೂರಿನ ಕೆಳಗೆ ಸಣ್ಣ ಚರಂಡಿ ತೋಡಿ ನೀರನ್ನು ಅಡಿಕೆ ತೋಟದ ಕಡೆ ತಿರುಗಿಸಿದರು. ಮೆತ್ತಗಿನ ಮಣ್ಣು ತೆಗೆದು, 4 ಇಂಚು ಜಲ್ಲಿ ಹಾಕಿ ದಮ್ಮಸ್ಸು ಹೊಡೆದು ಗಟ್ಟಿ ಮಾಡಿದರು. ಅದರ ಮೇಲೆ 2 ಇಂಚು ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು. ಪ್ರತಿ ಕಲ್ಲಿಗೂ ರಸಮಟ್ಟ ಇಟ್ಟು ಮಟ್ಟ ನೋಡಿ, ನೀರು ಹರಿಯಲು 5 ಅಡಿಗೆ 1 ಇಂಚಿನಂತೆ ಹೊರಕ್ಕೆ ವಾಟ (ಇಳಿಜಾರು) ಕೊಟ್ಟರು. ಒಂದು ಕಲ್ಲು ಸ್ವಲ್ಪ ಅಲುಗಿತು ಅಂತ ಮೂರು ಸಲ ಎತ್ತಿ ಕೂರಿಸಿದರು.

ಎರಡು ದಿನದ ಕೆಲಸ. ಹಳೇ ಕಲ್ಲೇ ಸಾಕಾಯ್ತು, ಒಂದು ಮಾತ್ರ ಒಡೆದಿತ್ತು. ಬೇಸರವಾಗಿದ್ದು ಒಂದೇ, ಅಂಚಿನ ದಾಸವಾಳದ ಬೇರಿಗೆ ಪೆಟ್ಟು ಬಿತ್ತು. ಪಕ್ಕದಲ್ಲಿ ಗಿಡ ಇದ್ದರೆ ಮೊದಲೇ ಹೇಳಿಬಿಡಿ. ಜುಲೈನಲ್ಲಿ ರಾತ್ರಿಯಿಡೀ ಮಳೆ ಹೊಡೆದ ಮರುದಿನ ನೋಡಿದೆ, ಒಂದು ಕಲ್ಲಿನ ಮೇಲೂ ನೀರಿಲ್ಲ. ಅಮ್ಮ ಆಗಲೇ ಹೂ ಕೊಯ್ದುಕೊಂಡು ಬರುತ್ತಿದ್ದರು.