ಔಷಧ ಅಂಗಡಿಗೆ ಹೈಜಿಯಾ ಫಲಕ: ಶಿರಸಿಯ ಕೆತ್ತನೆ ಕೆಲಸದ ವಿಮರ್ಶೆ

ಕಾರವಾರದ ನಮ್ಮ ಔಷಧ ಅಂಗಡಿಯ ಗೋಡೆಗೆಂದು, ಪ್ರಾಚೀನ ಗ್ರೀಕರ ಆರೋಗ್ಯದೇವತೆ ಹೈಜಿಯಾಳ ಸಾಗವಾನಿ ಫಲಕವೊಂದನ್ನು ಶಿರಸಿಯ ಕೆತ್ತನೆ ಮಳಿಗೆಯೊಂದರಲ್ಲಿ ಮಾಡಿಸಿದೆವು. ಯಂತ್ರದಲ್ಲಿ ಕೊರೆದ ಫಲಕಗಳಿಗಿಂತ ದರ ಹೆಚ್ಚೇ ಆಯಿತು. ಆದರೆ ಕೈಕೆಲಸದ ಮಟ್ಟಿಗೆ ಅದು ನ್ಯಾಯವಾದ ದರ.

ಹೈಜಿಯಾ ವೈದ್ಯದೇವ ಅಸ್ಕ್ಲೀಪಿಯಸ್‌ನ ಮಗಳು; ಪ್ಯಾನಸಿಯಾ ಮತ್ತು ಇಯಾಸೊ ಅವಳ ಸೋದರಿಯರು. ಹಿಪೊಕ್ರಟಿಸ್‌ನ ಹೆಸರಿನಲ್ಲಿರುವ ವೈದ್ಯಪ್ರತಿಜ್ಞೆ ಅಪೊಲೊ, ಅಸ್ಕ್ಲೀಪಿಯಸ್, ಹೈಜಿಯಾ, ಪ್ಯಾನಸಿಯಾರನ್ನು ಸಾಕ್ಷಿಯಾಗಿ ಕರೆದೇ ಆರಂಭವಾಗುತ್ತದೆ. ಹಾವು ಸುತ್ತಿದ ಅವಳ ಬಟ್ಟಲು ಹಲವು ದೇಶಗಳಲ್ಲಿ ಇಂದಿಗೂ ಔಷಧಾಲಯದ ಗುರುತು.

ಚರ್ಚೆಯೆಲ್ಲ ನಡೆದದ್ದು ಆ ಹಾವಿನ ಬಗ್ಗೆಯೇ. ನಾಗನ ಕಲ್ಲುಗಳನ್ನು ನೋಡುತ್ತ ಬೆಳೆದ ಕುಶಲಕರ್ಮಿಗಳು ಮೊದಲ ನಕ್ಷೆಯಲ್ಲಿ ಹೆಡೆ ಬಿಚ್ಚಿದ ನಾಗರವನ್ನೇ ಬರೆದಿದ್ದರು. "ಹೆಡೆಯಿಲ್ಲದ ಹಾವನ್ನು ದೇವಿಯ ಕೈಗೆ ಕೊಡುವುದು ಹೇಗೆ ಮಾರಾಯ್ರೆ?" ಎಂಬ ಅವರ ಪ್ರಶ್ನೆ ಸಹಜವೇ. ಆದರೆ ಅಸ್ಕ್ಲೀಪಿಯಸ್‌ನ ಹೆಸರು ಹೊತ್ತ ಯುರೋಪಿನ ಹಾವು ವಿಷರಹಿತವಾದದ್ದು, ಮರ ಹತ್ತುವಂಥದ್ದು, ಇಲಿ ತಿನ್ನುವಂಥದ್ದು. ನಮ್ಮ ಕೇರೆ ಹಾವಿನ ಹಾಗೆ ಅದಕ್ಕೂ ಹೆಡೆಯಿಲ್ಲ. ಇಷ್ಟನ್ನು ವಿವರಿಸಿದ ಮೇಲೆ ಅವರು ಬೇಸರಿಸದೆ, ಹೆಚ್ಚು ಹಣವನ್ನೂ ಕೇಳದೆ ನಕ್ಷೆಯನ್ನು ಬದಲಿಸಿದರು. ಹೆಗಲಿನಿಂದ ತೋಳಿನ ಮೇಲೆ ಇಳಿದು ಬಟ್ಟಲಿನ ಅಂಚಿಗೆ ಗದ್ದ ತಾಗಿಸಿರುವ ಹಾವಿನ ಮೈ, ತಿರುವು ಬಂದಲ್ಲಿ ಒಳಬದಿಯ ಹುರುಪೆಗಳು ಒತ್ತೊತ್ತಾಗಿ ಹೊರಬದಿಯವು ಬಿಡಿಬಿಡಿಯಾಗಿ ಕಾಣುವಂತೆ ಕೆತ್ತಲ್ಪಟ್ಟಿದೆ. ಫಲಕದ ಬೆಲೆಯೆಲ್ಲ ಅಲ್ಲಿಯೇ ಸಂದಿದೆ ಎಂದು ನನ್ನ ಅಭಿಪ್ರಾಯ.

ಮುಖ ಮಾತ್ರ ನಮ್ಮ ಘಟ್ಟದ ಮೇಲಿನ ದೇವಿಯದೇ. ಅಗಲವಾದ ಕಣ್ಣು, ತುಂಬಿದ ಗಲ್ಲ. (ಮೂಗುತಿ ಬೇಡವೆಂದು ಒಪ್ಪಿಸಲು ಸಾಕುಬೇಕಾಯಿತು.) ಆದರೂ ತಕರಾರು ಮಾಡಲು ಮನಸ್ಸಾಗಲಿಲ್ಲ. 2ನೇ ಶತಮಾನದ ಪ್ರವಾಸಿ ಪೌಸಾನಿಯಸ್ ಗ್ರೀಸಿನ ಟೈಟಾನೆ ಎಂಬ ಊರಿನಲ್ಲಿ ಕಂಡ ಹೈಜಿಯಾಳ ಮೂರ್ತಿಯು, ಹೆಂಗಸರು ಅರ್ಪಿಸಿದ ಮುಡಿ ಮತ್ತು ಬ್ಯಾಬಿಲೋನಿನ ಬಟ್ಟೆಯ ಪಟ್ಟಿಗಳಿಂದ ಮುಚ್ಚಿಹೋಗಿ ಸರಿಯಾಗಿ ಕಾಣುತ್ತಲೇ ಇರಲಿಲ್ಲವಂತೆ.

ನಿಜವಾದ ಕೊರತೆ ಹಿಂಬದಿಯದು. ಎದುರಿಗೆ ಅಚ್ಚುಕಟ್ಟಾಗಿ ಪಾಲಿಶ್ ಮಾಡಿದವರು ಹಿಂಬದಿಯನ್ನು ಹಾಗೆಯೇ ಬಿಟ್ಟಿದ್ದರಿಂದ, ಕರಾವಳಿಯ ಮಳೆಗಾಲದ ತೇವಕ್ಕೆ ಅಲ್ಲಿ ಬೂಷ್ಟು ಹಿಡಿಯಿತು. ಶಿರಸಿಯ ಹವೆಗೆ ಸಾಕಾಗುವ ಕೆಲಸ ಕಾರವಾರಕ್ಕೆ ಸಾಲದು. ಮಾಡಿಸುವವರು ಎರಡೂ ಬದಿಗೆ ವಾರ್ನಿಶ್ ಬೇಕೆಂದು ಮುಂಗಡ ಕೊಡುವಾಗಲೇ ಬರೆಸಿಕೊಳ್ಳಬೇಕು. ಮಾರಿಕಾಂಬಾ ಜಾತ್ರೆ ಇರುವ ವರ್ಷವಾದರೆ, ಅದು ಮುಗಿದ ಮೇಲೆಯೇ ಕೆಲಸ ಒಪ್ಪಿಸುವುದು ಒಳ್ಳೆಯದು.