ಕೊಡವ ಮದುವೆಗೆ ಮೂರು ಪುಟ್ಟ ಕ್ಯಾಮೆರಾಗಳು

ಕೊಡವ ಮದುವೆ ನಡೆಸಿಕೊಡಲು ಪುರೋಹಿತರಿಲ್ಲ, ನಡುವೆ ಹೋಮಕುಂಡವೂ ಇಲ್ಲ. ಮುಕ್ಕಾಲಿಯ (ಮೂರು ಕಾಲಿನ ಪೀಠ) ಮೇಲೆ ಕುಳಿತ ವಧೂವರರ ಬಳಿಗೆ ಮನೆಯ ಹಿರಿಯರಿಂದ ಹಿಡಿದು ಬಂದವರೆಲ್ಲ ಒಬ್ಬೊಬ್ಬರಾಗಿ ಸಾಗಿ, ಅಕ್ಕಿ ಹಾಕಿ, ಕಿಂಡಿಯಿಂದ (ಮೂತಿಯಿರುವ ಪುಟ್ಟ ಪಾತ್ರೆ) ಹಾಲು ಕುಡಿಸಿ, ಕಾಣಿಕೆ ಕೊಟ್ಟು ಹರಸುತ್ತಾರೆ. ಒಳ್ಳೆಯ ಚಿತ್ರ ಸಿಗುವುದು ಎದುರಿನಿಂದಲ್ಲ, ಆ ಸಾಲಿನ ಪಕ್ಕದಿಂದ, ಒಂದೆರಡು ಮಾರು ದೂರದಿಂದ. ದೊಡ್ಡ ಕ್ಯಾಮೆರಾ, ಉದ್ದದ ಲೆನ್ಸು ಹಿಡಿದು ಅಲ್ಲಿ ನಿಂತರೆ ಹರಸಲು ಬಂದವರಿಗೆ ಅಡ್ಡವಾಗುತ್ತದೆ. ಮನೆಯವರು ಗೊತ್ತುಮಾಡಿದ ಛಾಯಾಗ್ರಾಹಕರು ಹೇಗೂ ಎದುರಿಗೆ ಇರುತ್ತಾರೆ. ನಾನು ನೆಂಟರು, ಗೆಳೆಯರ ಮದುವೆಗಳಲ್ಲಿ ಪಕ್ಕದಿಂದ ತೆಗೆಯುವವನು. ಆ ಜಾಗಕ್ಕೆ ಪುಟ್ಟ ಕ್ಯಾಮೆರಾವೇ ಸರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಯಾವುದು ಎಂಬುದೇ ಪ್ರಶ್ನೆ.

ನಾನು ಬಳಸಿ ನೋಡಿದವು ಮೂರು. (ಸೆನ್ಸರ್ ಎಂದರೆ ಚಿತ್ರ ಹಿಡಿಯುವ ಫಲಕ. ಮಿ.ಮೀ. ಹೆಚ್ಚಾದಷ್ಟು ದೂರದ್ದು ಹತ್ತಿರ ಕಾಣುತ್ತದೆ, ಎಫ್ ಸಂಖ್ಯೆ ಕಡಿಮೆಯಾದಷ್ಟು ಲೆನ್ಸ್ ಹೆಚ್ಚು ಬೆಳಕು ಒಳಬಿಡುತ್ತದೆ.) ಸೋನಿ ಆರ್‌ಎಕ್ಸ್100 ಮಾರ್ಕ್ 3 (2014): ಒಂದಿಂಚಿನ ಸೆನ್ಸರ್, 24–70 ಮಿ.ಮೀ.ಗೆ ಸಮನಾದ ಎಫ್/1.8–2.8 ಲೆನ್ಸ್. ಪ್ಯಾನಾಸೋನಿಕ್ ಎಲ್‌ಎಕ್ಸ್100 (ಅದೂ 2014): ಅದಕ್ಕಿಂತ ದೊಡ್ಡ ಫೋರ್ ಥರ್ಡ್ಸ್ ಸೆನ್ಸರ್, 24–75 ಮಿ.ಮೀ., ಎಫ್/1.7–2.8. ಫ್ಯೂಜಿಫಿಲ್ಮ್ ಎಕ್ಸ್100ಎಫ್ (2017): ಎಪಿಎಸ್-ಸಿ ಸೆನ್ಸರ್, ಜೂಮ್ ಇಲ್ಲ, 35 ಮಿ.ಮೀ.ಗೆ ಸಮನಾದ ಒಂದೇ ಎಫ್/2 ಲೆನ್ಸ್. ಫ್ಯೂಜಿಯ ಸೆನ್ಸರಿನ ವಿಸ್ತೀರ್ಣ ಸೋನಿಯದರ ಮೂರು ಪಟ್ಟಿಗಿಂತ ಹೆಚ್ಚು.

ಕೊಡಗಿನ ಮದುವೆಯಲ್ಲಿ ಕ್ಯಾಮೆರಾವನ್ನು ಅತಿ ಹೆಚ್ಚು ಕಾಡುವುದು ಬಟ್ಟೆ. ವರನದು ಬಿಳಿ ಕುಪ್ಯ (ಮೊಣಕಾಲಿನವರೆಗಿನ ನಿಲುವಂಗಿ), ಸುತ್ತ ನಿಂತ ಗಂಡಸರದು ಕಪ್ಪು ಕುಪ್ಯ, ವಧುವಿನದು ಕೆಂಪು ರೇಷ್ಮೆ ಸೀರೆ. ಕಪ್ಪು ಕುಪ್ಯಗಳು ಚೌಕಟ್ಟು ತುಂಬಿದಾಗ ಕ್ಯಾಮೆರಾ ಕತ್ತಲೆಯೆಂದು ಬಗೆದು ಚಿತ್ರವನ್ನು ಬೆಳಗಿಸುತ್ತದೆ, ಆಗ ವರನ ಕುಪ್ಯ ನೆರಿಗೆಯೇ ಇಲ್ಲದ ಬಿಳಿ ಹಾಳೆಯಾಗುತ್ತದೆ. ವರನೊಬ್ಬನೇ ತುಂಬಿಕೊಂಡರೆ ಇದಕ್ಕೆ ತಿರುಗುಮುರುಗು: ಬಿಳಿ ಬೂದುಬಣ್ಣವಾಗುತ್ತದೆ, ಮುಖ ಕಪ್ಪಿಡುತ್ತದೆ. ಆದ್ದರಿಂದ ಎಕ್ಸ್‌ಪೋಶರ್ (ಚಿತ್ರಕ್ಕೆ ಬೀಳುವ ಬೆಳಕಿನ ಪ್ರಮಾಣ) ತಿದ್ದುವ ತಿರುಗಣೆ ಹೆಬ್ಬೆರಳಿಗೆ ಸಿಗುವಂತಿರಬೇಕು. ಎಲ್‌ಎಕ್ಸ್100 ಮತ್ತು ಎಕ್ಸ್100ಎಫ್ ಎರಡರ ನೆತ್ತಿಯ ಮೇಲೂ ಅದಕ್ಕೆಂದೇ ಪ್ರತ್ಯೇಕ ತಿರುಗಣೆ ಇದೆ, ಕಣ್ಣು ತೆಗೆಯದೆ ತಿರುಗಿಸಬಹುದು. ಆರ್‌ಎಕ್ಸ್100ರಲ್ಲಿ ಅದು ಗುಂಡಿಯ ಹಿಂದಿನ ಕೆಲಸ. ಕೆಂಪು ಚೇಲೆಯ (ನಡುಪಟ್ಟಿ) ಮೇಲೆ ಇಳಿಬಿದ್ದ ಪೀಚೆಕತ್ತಿಯ (ಸೊಂಟದ ಪುಟ್ಟ ಬಾಕು) ಬೆಳ್ಳಿ ಸರಪಳಿ, ಅದರ ಹಿಂದೆ ಬಿಳಿ ಕುಪ್ಯದ ಮಡಿಕೆ, ಈ ಮೂರೂ ಒಂದೇ ಚಿತ್ರದಲ್ಲಿ ಉಳಿದದ್ದನ್ನು ನಾನು ಕಂಡದ್ದು ಫ್ಯೂಜಿಯಲ್ಲಿ. ದೊಡ್ಡ ಸೆನ್ಸರಿನ ಬೆಲೆ ತಿಳಿಯುವುದು ಅಲ್ಲಿ. ಆರ್‌ಎಕ್ಸ್100ರಲ್ಲೂ ಅದು ಆದೀತು, ಆದರೆ ರಾ (ಸೆನ್ಸರಿನ ಕಚ್ಚಾ ಮಾಹಿತಿಯ) ಕಡತದಲ್ಲಿ ತೆಗೆದು, ಮನೆಗೆ ಬಂದು ಕೂತು ಬಿಡಿಸಬೇಕು.

ಎರಡನೆಯ ಪರೀಕ್ಷೆ ಬೆಳಕಿನದು. ಐನ್‌ಮನೆಯ (ಕೊಡವ ಮನೆತನದ ಮೂಲ ಮನೆ) ನೆಲ್ಲಕ್ಕಿ ನಡುಬಾಡೆಯಲ್ಲಿ, ಎಂದರೆ ನಡುಮನೆಯಲ್ಲಿ, ತೂಗುದೀಪ, ಒಂದೆರಡು ಬಲ್ಬು, ಬಾಗಿಲಿನಿಂದ ಒಳಬಂದಷ್ಟು ಹಗಲು. ಅಲ್ಲಿ ಫ್ಲ್ಯಾಷ್ ಹಾಕಿದರೆ ದೀಪದ ಬಣ್ಣವೇ ಸತ್ತುಹೋಗುತ್ತದೆ, ಹಾಗಾಗಿ ನಾನು ಹಾಕುವುದಿಲ್ಲ. ಎಫ್/2ರಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ, ಏರಿಸಿದಷ್ಟು ಚಿತ್ರ ಒರಟು) 6400ರವರೆಗೂ ಎಕ್ಸ್100ಎಫ್‌ನ ಚಿತ್ರವನ್ನು ಆಲ್ಬಮ್ಮಿಗೆ ಧೈರ್ಯವಾಗಿ ಕೊಡುತ್ತೇನೆ. ಎಲ್‌ಎಕ್ಸ್100ರಲ್ಲಿ 3200ಕ್ಕೆ, ಆರ್‌ಎಕ್ಸ್100ರಲ್ಲಿ 1600ಕ್ಕೆ ನಿಲ್ಲುತ್ತೇನೆ. ಆರ್‌ಎಕ್ಸ್100ರ ಪುಟಿದೇಳುವ ಫ್ಲ್ಯಾಷನ್ನು ಬೆರಳಿನಿಂದ ಹಿಂದಕ್ಕೆ ಬಾಗಿಸಿ ಬೆಳಕನ್ನು ಮಾಡಿಗೆ ಹೊಡೆಯಬಹುದು. ವಧುವಿಗೆ ಸೀರೆ ಉಡಿಸುವ, ಬಿಳಿ ಸುಣ್ಣದ ಮಾಡಿನ ಪುಟ್ಟ ಕೋಣೆಯಲ್ಲಿ ಅದರಿಂದ ಬಹಳ ಮೃದುವಾದ ಬೆಳಕು ಬರುತ್ತದೆ. ಐನ್‌ಮನೆಯ ಮರದ ಮಾಡು ಮಾತ್ರ ಆ ಬೆಳಕನ್ನೆಲ್ಲ ನುಂಗುತ್ತದೆ. ಕೊಡವ ಸಮಾಜದಂಥ ಸಭಾಂಗಣಗಳಲ್ಲಿ ಮಾಡು ಕೈಗೆಟುಕದ ಎತ್ತರ.

ಸಭಾಂಗಣದ ತೊಂದರೆಯೇ ಬೇರೆ. ಅಲ್ಲಿರುವುದು ಎಲ್‌ಇಡಿ ದೀಪಗಳು. ನಮ್ಮ ವಿದ್ಯುತ್ತು 50 ಹರ್ಟ್ಸಿನದು, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಸದ್ದಾಗಬಾರದೆಂದು ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಚಿತ್ರದಲ್ಲಿ ಅಡ್ಡಡ್ಡ ಪಟ್ಟೆಗಳು ಬೀಳುತ್ತವೆ, ಬಿಳಿ ಕುಪ್ಯದ ಮೇಲಂತೂ ಎದ್ದು ಕಾಣುತ್ತವೆ. ಮೂರೂ ಕ್ಯಾಮೆರಾಗಳ ಯಾಂತ್ರಿಕ ಶಟರ್ ಲೆನ್ಸಿನೊಳಗೇ ಇರುವುದರಿಂದ ಅದರ ಸದ್ದು ವಾಲಗದ ನಡುವೆ ಯಾರಿಗೂ ಕೇಳಿಸದು. ಅದನ್ನೇ ಬಳಸಿ, ಶಟರ್ ವೇಗವನ್ನು 1/50 ಅಥವಾ 1/100ಕ್ಕೆ ಇಟ್ಟರೆ ತೊಂದರೆ ಬಹುಮಟ್ಟಿಗೆ ತೀರುತ್ತದೆ.

ಇನ್ನು ಗಂಗಾಪೂಜೆ. ವಧು ನೀರಿನ ಬಿಂದಿಗೆ ಹೊತ್ತು ಬರುವಾಗ ವರನ ಕಡೆಯವರು ವಾಲಗಕ್ಕೆ ಕುಣಿಯುತ್ತ ದಾರಿಗೆ ಅಡ್ಡ ನಿಲ್ಲುತ್ತಾರೆ. ಅವಳು ಹೆಜ್ಜೆ ಹೆಜ್ಜೆಗೂ ಕಾದು ನಿಲ್ಲಬೇಕು, ಹೊತ್ತು ಎಷ್ಟಾದರೂ ಬಿಂದಿಗೆ ಇಳಿಸುವಂತಿಲ್ಲ. ಇಡೀ ಮದುವೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಹೊತ್ತು ಇದು. ಕುಣಿಯುವವರ ನಡುವೆಯೇ ನುಗ್ಗಿ ತೆಗೆಯಬೇಕು. ಇಲ್ಲಿ ಎಕ್ಸ್100ಎಫ್‌ನ ಕಣ್ಣಿಟ್ಟು ನೋಡುವ ಗಾಜಿನ ವ್ಯೂಫೈಂಡರಿಗೆ ಸಾಟಿಯಿಲ್ಲ: ಚೌಕಟ್ಟಿನ ಹೊರಗಿನದೂ ಕಾಣುತ್ತದೆ, ಪಕ್ಕದಿಂದ ಮೇಲೇಳುತ್ತಿರುವ ಕೈ ಒಳಗೆ ಬರುವ ಮುನ್ನವೇ ಗೊತ್ತಾಗುತ್ತದೆ. ಎಲ್‌ಎಕ್ಸ್100ರ ಎಲೆಕ್ಟ್ರಾನಿಕ್ ವ್ಯೂಫೈಂಡರ್ ಕೆಂಪು, ಹಸಿರು, ನೀಲಿಯನ್ನು ಒಂದಾದ ಮೇಲೊಂದು ತೋರಿಸುವ ಬಗೆಯದು, ಓಡಾಡುವವರ ಅಂಚಿನಲ್ಲಿ ಕಾಮನಬಿಲ್ಲು ಮೂಡಿ ಕಣ್ಣಿಗೆ ದಣಿವಾಗುತ್ತದೆ. ಆರ್‌ಎಕ್ಸ್100ರದನ್ನು ಮೇಲೆತ್ತಿ, ಹಿಂದಕ್ಕೆ ಎಳೆದು, ಆಮೇಲೆ ನೋಡಬೇಕು. ಮಡಚಿದರೆ ಕ್ಯಾಮೆರಾವೇ ಆಫ್ ಆಗುತ್ತದೆ. ನೂಕುನುಗ್ಗಲಿನಲ್ಲಿ ಅಷ್ಟು ಪುರುಸೊತ್ತು ಎಲ್ಲಿದೆ?

ಮಧ್ಯಾಹ್ನದ ಬಿಸಿಲಿನಲ್ಲಿ ಒಡಿಕತ್ತಿಯಿಂದ (ಅಗಲ ಬಾಯಿಯ ಬಾಗಿದ ಕತ್ತಿ) ಬಾಳೆ ಕಡಿಯುವ ಶಾಸ್ತ್ರದಲ್ಲೂ ಫ್ಯೂಜಿಯೇ ಮುಂದು. ಎಫ್/2ರಲ್ಲೇ 1/1000 ಸೆಕೆಂಡಿನವರೆಗೆ ಫ್ಲ್ಯಾಷ್ ಜೊತೆಗೂಡುತ್ತದೆ, ಒಳಗೇ ಇರುವ ಎನ್‌ಡಿ ಫಿಲ್ಟರ್ ಬೆಳಕನ್ನು ಮೂರು ಸ್ಟಾಪ್, ಎಂದರೆ ಎಂಟನೇ ಒಂದು ಪಾಲಿಗೆ, ಇಳಿಸುತ್ತದೆ. ಮಂಡೆತುಣಿಯ (ಪೇಟ) ನೆರಳು ಬಿದ್ದ ಮುಖವನ್ನು ಅಷ್ಟರಿಂದಲೇ ಬೆಳಗಿಸಬಹುದು.

ಇಷ್ಟೆಲ್ಲ ಹೇಳಿಯೂ ಮದುವೆಗೆ ಒಂದೇ ಕ್ಯಾಮೆರಾ ಒಯ್ಯುವವರಿಗೆ ನಾನು ಹೇಳುವುದು ಎಲ್‌ಎಕ್ಸ್100. ಕಾರಣ, ಹರಸುವವರ ಸಾಲು ಬಹಳ ಹೊತ್ತು ನಡೆಯುತ್ತದೆ ಮತ್ತು ಮನೆಯವರು ಆಮೇಲೆ ಕೇಳುವುದು ಆ ಚಿತ್ರಗಳನ್ನೇ: ಅಜ್ಜಿಯ ಕೈ, ಕಿಂಡಿಯ ಮೂತಿ, ವಧುವಿನ ತುಟಿಗೆ ತಾಗುವ ಹಾಲಿನ ಎಳೆ, ಮುಸುಕಿನ ಅಂಚಿನಲ್ಲಿ ಸಿಕ್ಕಿಕೊಂಡ ಅಕ್ಕಿಕಾಳು. ಪಕ್ಕದಲ್ಲಿ ನಿಂತು ಅದನ್ನು ಹಿಡಿಯಲು 75 ಮಿ.ಮೀ. ಬೇಕು. 35ರಲ್ಲಿ ಅಷ್ಟು ಹತ್ತಿರ ಹೋದರೆ ಸಾಲನ್ನೇ ತಡೆದಂತೆ, ಅಲ್ಲದೆ ಎಕ್ಸ್100ಎಫ್‌ನ ಲೆನ್ಸ್ ತೀರ ಹತ್ತಿರದಲ್ಲಿ ಎಫ್/2ರಲ್ಲಿ ಮಸುಕಾಗುತ್ತದೆ, ಎಫ್/4ಕ್ಕೆ ಇಳಿಸಬೇಕು. ಎಲ್‌ಎಕ್ಸ್100ರಲ್ಲಿ ಹೆಚ್ಚೆಂದರೆ 12.8 ಮೆಗಾಪಿಕ್ಸೆಲ್ ಎಂದು ಮೂಗು ಮುರಿಯುವವರಿದ್ದಾರೆ. ಆಲ್ಬಮ್ಮಿನ ಪೂರ್ತಿ ಪುಟಕ್ಕೆ ಅದು ಧಾರಾಳ. ಒಳಗೆ ಫ್ಲ್ಯಾಷ್ ಇಲ್ಲ, ಜೊತೆಗೆ ಕೊಡುವ ಪುಟ್ಟ ಫ್ಲ್ಯಾಷನ್ನು ಮರೆಯದೆ ಒಯ್ಯಬೇಕು.

ಆರ್‌ಎಕ್ಸ್100 ಯಾರಿಗೆ ಎಂದರೆ, ವಧುವಿನ ಅಕ್ಕನಿಗೆ, ವರನ ಬಾವನಿಗೆ. ಬಡಿಸುವ, ಕುಣಿಯುವ, ನೆಂಟರನ್ನು ಎದುರುಗೊಳ್ಳುವ ಕೆಲಸವೂ ಇರುವವರಿಗೆ. 300 ಗ್ರಾಮಿಗಿಂತ ಕಡಿಮೆ ತೂಕ, ಕಿಸೆಯಲ್ಲಿ ಇದ್ದದ್ದೇ ಗೊತ್ತಾಗುವುದಿಲ್ಲ.

ಏಪ್ರಿಲ್, ಮೇ ತಿಂಗಳ ಮದುವೆಗಳಿಗೆ ಹೊರಟವರು ಒಂದು ಪ್ಲಾಸ್ಟಿಕ್ ಚೀಲ ಜೊತೆಗಿಟ್ಟುಕೊಳ್ಳಿ: ಮಳೆ ಹೇಳಿ ಬರುವುದಿಲ್ಲ, ಮೂರರಲ್ಲಿ ಯಾವುದಕ್ಕೂ ನೀರು ತಡೆಯುವ ಕಟ್ಟಿಲ್ಲ. ಮೂರೂ ಈಗ ಹಳೆಯ ಮಾದರಿಗಳು, ಬಳಸಿದ್ದನ್ನೇ ಕೊಳ್ಳಬೇಕಾದೀತು. ಕೊಳ್ಳುವ ಮುನ್ನ ಅಪರ್ಚರನ್ನು ಎಫ್/11ಕ್ಕೆ ಇಟ್ಟು ಬಿಳಿ ಗೋಡೆಯದೊಂದು ಚಿತ್ರ ತೆಗೆದು ಹಿಗ್ಗಿಸಿ ನೋಡಿ. ಸೆನ್ಸರಿನ ಮೇಲೆ ಧೂಳು ಕುಳಿತಿದ್ದರೆ ಬೂದು ಚುಕ್ಕೆಗಳಾಗಿ ಕಾಣುತ್ತದೆ, ಲೆನ್ಸ್ ಬಿಚ್ಚಲಾಗದ ಇಂಥ ಕ್ಯಾಮೆರಾಗಳಲ್ಲಿ ಅದನ್ನು ನಾವೇ ಒರೆಸಿಕೊಳ್ಳಲಾಗದು.