ರಾತ್ರಿ ಬಾಡಿಗೆ ಕಾರು ಹತ್ತುವ ಮುನ್ನ ಚಾಲಕರ ನಿದ್ದೆಯ ಬಗ್ಗೆ ವಿಚಾರಿಸಿ

ಬೆಂಗಳೂರಿನಿಂದ ಹುಬ್ಬಳ್ಳಿ, ಧಾರವಾಡ, ಗದಗಿಗೆ ರಾತ್ರಿ ಬಾಡಿಗೆ ಕಾರಿನಲ್ಲಿ ಬರುವವರು ಗಾಡಿ ಯಾವುದು, ಕಿಲೋಮೀಟರಿಗೆ ದರ ಎಷ್ಟು ಎಂದೆಲ್ಲ ಕೇಳುತ್ತಾರೆ. ಚಾಲಕರು ಕೊನೆಯ ಸಲ ಹಾಸಿಗೆಯಲ್ಲಿ ಮಲಗಿ ನಿದ್ದೆ ಮಾಡಿದ್ದು ಯಾವಾಗ ಎಂದು ಕೇಳುವವರು ವಿರಳ, ಅದನ್ನು ತಾವಾಗಿ ಹೇಳುವ ಮಾಲೀಕರು ಇನ್ನೂ ವಿರಳ. ಈ ಸಂಗತಿಯನ್ನು ಮುಚ್ಚಿಟ್ಟದ್ದರಿಂದ ಕಳೆದ ಚಳಿಗಾಲದಲ್ಲಿ ನಮ್ಮ ಕುಟುಂಬಕ್ಕೆ ಒದಗಿದ ಸ್ಥಿತಿ ಬೇರೆಯವರಿಗೆ ಬಾರದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ರಾತ್ರಿ ಹತ್ತೂವರೆಗೆ ಬೆಂಗಳೂರು ಬಿಟ್ಟೆವು. ಚಿತ್ರದುರ್ಗ ದಾಟಿದ ಮೇಲೆ ಚಾಲಕರು ಮೇಲಿಂದ ಮೇಲೆ ಆಕಳಿಸತೊಡಗಿದರು. ಗಾಡಿಯ ವೇಗ ಕಾರಣವಿಲ್ಲದೆ ಇಳಿಯುವುದು, ಮತ್ತೆ ಏರುವುದು ನಡೆದಿತ್ತು, ಟಯರು ಆಗಾಗ ರಸ್ತೆಯಂಚಿನ ಬಿಳಿ ಗೆರೆ ತುಳಿಯುತ್ತಿತ್ತು. ನಮ್ಮ ಚಿಕ್ಕಮ್ಮ ಗಾಡಿ ನಿಲ್ಲಿಸಲು ಹೇಳಿದಾಗ, "ನಿದ್ದಿ ಬಂದಿಲ್ರೀ ಅವ್ವಾರ, ಕಣ್ಣ ಉರಿಯಾಕತ್ತಾವ ಅಷ್ಟ" ಎಂದು ಚಹಾ ಕುಡಿದು, ಮುಖ ತೊಳೆದು ಮತ್ತೆ ಸ್ಟಿಯರಿಂಗ್ ಹಿಡಿದರು. ಚಳಗೇರಿ ಟೋಲ್ ದಾಟಿ, ರಾಣೆಬೆನ್ನೂರು ಹಿಂದೆ ಬಿದ್ದು, ಮೋಟೆಬೆನ್ನೂರಿನ ಆಚೆ ಬರುವಾಗ ಮೂರೂವರೆ ಆಗಿತ್ತು. ಅಲ್ಲಿ ಕಾರು ಮೆಲ್ಲಗೆ ಬಲಕ್ಕೆ ವಾಲುತ್ತ ಹೋಗಿ ರಸ್ತೆ ವಿಭಜಕಕ್ಕೆ ಬಡಿಯಿತು. ಬ್ರೇಕಿನ ಸದ್ದೇ ಕೇಳಲಿಲ್ಲ. ಚಿಕ್ಕಮ್ಮನ ಭುಜದ ಎಲುಬು ಮುರಿಯಿತು. ಹಿಂದೆ ಲಾರಿ ಇರದಿದ್ದುದರಿಂದ ಜೀವಗಳು ಉಳಿದವು.

ಹಿಂದಿನ ರಾತ್ರಿಯೂ ಆ ಚಾಲಕರೇ ಹುಬ್ಬಳ್ಳಿಯಿಂದ ಬೇರೊಂದು ಕುಟುಂಬವನ್ನು ಬೆಂಗಳೂರಿಗೆ ತಂದಿದ್ದರು, ಹಗಲಿಡೀ ಮಾಲೀಕರ ಮಾತಿನಂತೆ ನಗರದೊಳಗೆ ಬಾಡಿಗೆ ಹೊಡೆದಿದ್ದರು, ಸೀಟಿನಲ್ಲಿ ಒರಗಿ ಕಣ್ಣು ಮುಚ್ಚಿದ್ದೇ ಅವರಿಗೆ ಸಿಕ್ಕ ವಿಶ್ರಾಂತಿ ಎಂಬುದು ಆಮೇಲೆ ತಿಳಿಯಿತು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಬಾಡಿಗೆ ಒಲ್ಲೆನೆಂದರೆ ಕೆಲಸ ಹೋದೀತೆಂಬ ಭಯದಲ್ಲಿದ್ದವನನ್ನು ರಾತ್ರಿಯ ಹೆದ್ದಾರಿಗೆ ಬಿಟ್ಟವರ ಮೇಲಿದೆ.

ಇಂಥ ತೂಕಡಿಕೆ ಕೆಲವೇ ಸೆಕೆಂಡುಗಳದ್ದು, ಕಣ್ಣು ತೆರೆದಿದ್ದರೂ ಮಿದುಳು ಮಲಗಿರಬಹುದು, ಹಾಗೆ ಆದದ್ದು ಎಷ್ಟೋ ಸಲ ಚಾಲಕರಿಗೇ ಗೊತ್ತಾಗುವುದಿಲ್ಲ. ಗಂಟೆಗೆ 80 ಕಿ.ಮೀ. ವೇಗದಲ್ಲಿ ನಾಲ್ಕು ಸೆಕೆಂಡು ಮೈಮರೆತರೆ ಗಾಡಿ ಸುಮಾರು 90 ಮೀಟರ್ ದೂರ ಹಿಡಿತವಿಲ್ಲದೆ ಓಡಿರುತ್ತದೆ. ಹದಿನೇಳು ತಾಸು ಎಚ್ಚರವಿದ್ದವರ ಚುರುಕುತನ ರಕ್ತದಲ್ಲಿ ಶೇ. 0.05ರಷ್ಟು ಮದ್ಯವಿರುವವರ ಮಟ್ಟಕ್ಕೆ ಕುಗ್ಗುತ್ತದೆ ಎಂದು ಪ್ರಯೋಗಗಳಲ್ಲಿ ಕಂಡುಬಂದಿದೆ. ನಮ್ಮ ಕಾನೂನಿನಲ್ಲಿ ಶೇ. 0.03 ದಾಟಿದರೇ ಅಪರಾಧ. ರಾತ್ರಿ ಎರಡರಿಂದ ಬೆಳಗಿನ ಐದರವರೆಗೆ ದೇಹ ತಾನಾಗಿ ನಿದ್ದೆಗೆ ಎಳೆಯುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆಯೂ ಸ್ವಲ್ಪ ಮಟ್ಟಿಗೆ ಹೀಗೇ ಆಗುವುದರಿಂದ ಮದುವೆಯ ಊಟ ಮುಗಿಸಿ ಹೊರಡುವವರೂ ಜಾಗ್ರತೆ ವಹಿಸಬೇಕು. ನೆಗಡಿಯ ಕೆಲವು ಮಾತ್ರೆಗಳು ತೂಕಡಿಕೆಯನ್ನು ಇನ್ನೂ ಹೆಚ್ಚಿಸುತ್ತವೆ.

ಕಿಟಕಿ ತೆರೆಯುವುದು, ಹಾಡು ಜೋರಾಗಿ ಹಚ್ಚುವುದು, ಗುಟ್ಕಾ ಹಾಕಿಕೊಳ್ಳುವುದು ಇವು ಯಾವುವೂ ನಿದ್ದೆಯನ್ನು ತಡೆಯುವುದಿಲ್ಲ. ಕಾಫಿಯ ಗುಣ ತೋರಲು ಸುಮಾರು ಅರ್ಧ ತಾಸು ಬೇಕು. ಆದ್ದರಿಂದ ಟೋಲ್ ಬಳಿ ಅಥವಾ ಬೆಳಕಿರುವ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ, ಕಾಫಿ ಕುಡಿದೊಡನೆ ಚಾಲಕರನ್ನು ಇಪ್ಪತ್ತು ನಿಮಿಷ ಮಲಗಿಸಿ, ಎದ್ದ ಮೇಲೆ ಮಂಪರು ಹರಿಯಲು ಇನ್ನೂ ಹತ್ತು ನಿಮಿಷ ಬಿಟ್ಟು ಹೊರಡಬಹುದು. ಅದೂ ತಾತ್ಕಾಲಿಕವೇ, ಎರಡು ದಿನ ನಿದ್ದೆಗೆಟ್ಟವರು ಗಾಡಿ ಓಡಿಸಲೇಬಾರದು. ಕಣ್ಣುಜ್ಜುವುದು, ಮಾತಿಗೆ ತಡವಾಗಿ ಉತ್ತರಿಸುವುದು, ತಿರುವು ಬಿಟ್ಟು ಮುಂದೆ ಹೋಗುವುದು, ಹಿಂದಿನ ಕೆಲವು ಕಿಲೋಮೀಟರ್ ದಾರಿ ನೆನಪಿಲ್ಲದಿರುವುದು ಇವುಗಳಲ್ಲಿ ಒಂದು ಕಂಡರೂ ಗಾಡಿ ನಿಲ್ಲಿಸಿ. ದಾರಿಯಲ್ಲಿ ನೆರವಿಗೆ ಹೆದ್ದಾರಿ ಸಹಾಯವಾಣಿ 1033 ಇದೆ.

ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ, 1961ರ ಪ್ರಕಾರ ಚಾಲಕರ ದುಡಿಮೆ ಸಾಮಾನ್ಯವಾಗಿ ದಿನಕ್ಕೆ ಎಂಟು ತಾಸು, ಐದು ತಾಸಿನೊಳಗೆ ಅರ್ಧ ತಾಸು ವಿರಾಮ ಎಂದಿತ್ತು; 2025ರ ನವೆಂಬರಿನಲ್ಲಿ ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. 1988ರ ಮೋಟಾರು ವಾಹನ ಕಾಯ್ದೆಯ 91ನೇ ಕಲಮು 1961ರ ಆ ಮಿತಿಯನ್ನು ಬಾಡಿಗೆ ವಾಹನಗಳ ಚಾಲಕರಿಗೂ ಅನ್ವಯಿಸಿತ್ತು. ಮುಂಗಡ ಕೊಡುವ ಮೊದಲು, ಚಾಲಕರ ಹಿಂದಿನ ಬಾಡಿಗೆ ಎಷ್ಟೊತ್ತಿಗೆ ಮುಗಿಯಿತು, ಅವರು ಎಷ್ಟು ತಾಸು ಮಲಗಿದ್ದಾರೆ ಎಂದು ಮಾಲೀಕರಿಗೆ ಸಂದೇಶ ಕಳುಹಿಸಿ, ಬರಹದಲ್ಲೇ ಉತ್ತರ ಪಡೆಯಿರಿ. ಉತ್ತರ ಕೊಡಲು ಹಿಂದೆಮುಂದೆ ನೋಡಿದರೆ ಆ ಗಾಡಿ ಬೇಡ. ಬೆಂಗಳೂರಿನಿಂದ ಹುಬ್ಬಳ್ಳಿಗೆ ರಾತ್ರಿಯ ರೈಲುಗಳಿವೆ.